ಅತ್ತೆಯ ಗಂಟಲಿಗೆ ಹಾಕಿದ ಕೊಳಲು

ನಮ್ಮತ್ತೆಯ ಬಾಯಿಂದ ಕೊಳಲಿನ ದನಿ ಬಂದ ದಿನ ನಮ್ಮ ಓಣಿಯವರು ಚುರುಮುರಿ ಒಗ್ಗರಣೆ ಹಾಕಿ ಹಂಚಿಕೊಂಡು ತಿಂದರು. ನನ್ನ ಕೈಗೂ ಒಂದು ತಟ್ಟೆ ಕೊಟ್ಟು, "ಕಸ್ತೂರಿ, ನಿನ್ನ ಪುಣ್ಯ ದೊಡ್ಡದು ಬಿಡವಾ, ಇನ್ನರ ಮನ್ಯಾಗ ಆರಾಮಿರು" ಎಂದರು. ಆ ತಟ್ಟೆಯನ್ನು ಅವರ ಕಣ್ಣೆದುರೇ ಗಟಾರಕ್ಕೆ ಸುರಿದೆ. ಇವತ್ತಿಗೂ ನೆನೆದರೆ ಮೈ ಉರಿಯುತ್ತದೆ. ಈ ಕಥೆಯನ್ನು ಸಮಾಧಾನದಿಂದ ಹೇಳು ಅಂದರೆ ನನ್ನಿಂದ ಆಗುವುದಿಲ್ಲ. ಸಮಾಧಾನದಿಂದ ಹೇಳುವವರು ಸಮಿತಿಯಲ್ಲಿ ಬೇಕಾದಷ್ಟು ಜನ ಇದ್ದಾರೆ, ಹೋಗಿ ಅವರನ್ನು ಕೇಳಿ.

ನಮ್ಮೂರಿಗೆ ಒಂದು ಹಾಡಿದೆ. ಅದು ಸಮುದಾಯ ಭವನದ ಕಂಪ್ಯೂಟರಿನಲ್ಲಿ, ಬ್ರೌಸರಿನ ಒಂದು ಟ್ಯಾಬಿನೊಳಗೆ ಇರುತ್ತದೆ. ಊರಿನ ಪ್ರತಿಯೊಬ್ಬರಿಗೂ ಅದರಲ್ಲಿ ಒಂದು ಟ್ರ್ಯಾಕ್, ಅಂದರೆ ಅವರವರ ದನಿಗೆಂದು ಒಂದು ಸಾಲು. ಕೂಸಿಗೆ ಹೆಸರಿಡುವ ದಿನ ತೊಟ್ಟಿಲಿಗೆ ಮೈಕು ಹಿಡಿದು ಅಳು ರಿಕಾರ್ಡು ಮಾಡುತ್ತಾರೆ. ದೊಡ್ಡವರಾದ ಮೇಲೆ ಅದನ್ನು ಅಳಿಸಿ ಮಾತನ್ನೋ ಹಾಡನ್ನೋ ಹೊಸದಾಗಿ ರಿಕಾರ್ಡು ಮಾಡಿಸಿಕೊಳ್ಳುತ್ತೇವೆ. ಸೊಸೆಯಾಗಿ ಬಂದವರು ಅಕ್ಕಿಯ ಸೇರು ಒದೆಯುವ ಮೊದಲು ಭವನದ ಮೆಟ್ಟಿಲು ಹತ್ತಬೇಕು. ಹಾಡಿನಲ್ಲಿ ಟ್ರ್ಯಾಕ್ ಹೇಗಿದೆಯೋ ಬಾಯಲ್ಲಿ ದನಿ ಹಾಗೆ. ಆಡುವ ಮಾತು ನಮ್ಮದು, ದನಿ ಮಾತ್ರ ಅಲ್ಲಿಯದು. ಅಲ್ಲಿ ಏರಿಸಿದರೆ ಇಲ್ಲಿ ಏರುತ್ತದೆ, ಅಲ್ಲಿ ಇಳಿಸಿದರೆ ಇಲ್ಲಿ ಇಳಿಯುತ್ತದೆ. ಯಾಕೆ ಹೀಗೆ ಅಂತ ನಮ್ಮೂರಲ್ಲಿ ಯಾರೂ ಕೇಳುವುದಿಲ್ಲ. ನಲ್ಲಿಗೆ ನೀರು ಯಾಕೆ ಬರುತ್ತದೆ ಅಂತ ನೀವು ಕೇಳುತ್ತೀರಾ? ಬಂದಾಗ ಕೊಡ ಹಿಡಿಯುತ್ತೀರಿ, ಅಷ್ಟೇ.

ಮೊದಲು ಹಾಡಿನ ಲಿಂಕು ಎಲ್ಲರ ಫೋನಿನಲ್ಲೂ ಇತ್ತು. ಯಾರು ಬೇಕಾದರೂ ತೆರೆದು, ಯಾರ ಟ್ರ್ಯಾಕ್ ಬೇಕಾದರೂ ತಿದ್ದಬಹುದಿತ್ತು. ಆಗಿನ ಅವಾಂತರ ಒಂದೆರಡಲ್ಲ. ಗಂಡಂದಿರು ಹೆಂಡಿರ ದನಿ ಇಳಿಸಿ ಊಟಕ್ಕೆ ಕೂರುವುದು, ಹೆಂಡಿರು ಅದನ್ನು ಎರಡರಷ್ಟು ಏರಿಸಿಕೊಂಡು ಬಾಗಿಲಲ್ಲಿ ಕಾಯುವುದು. ಕನ್ನಡಕದ ಅಂಗಡಿಯ ದೇವೇಂದ್ರ ತನ್ನ ಟ್ರ್ಯಾಕಿಗೆ ಎಕೋ ಹಾಕಿಕೊಂಡು ಹೆಣ್ಣು ನೋಡಲು ಹೋದ. ಬಾವಿಯೊಳಗೆ ಕೂಗಿದ ಹಾಗೆ ಅವನ ಒಂದೊಂದು ಮಾತೂ ಮತ್ತೆ ಮತ್ತೆ ಕೇಳಿ, ಹೆಣ್ಣಿನ ಕಡೆಯವರು ಚಹಾ ಕೊಡುವುದಕ್ಕೂ ಮುಂಚೆ ಕೈಮುಗಿದು ಕಳಿಸಿದರು. ಇಂಥವು ಹೆಚ್ಚಾದ ಮೇಲೆ ಸಮಿತಿ ಹುಟ್ಟಿತು. ಕೇಳುವುದು ಎಲ್ಲರೂ ಕೇಳಬಹುದು, ತಿದ್ದುವುದು ಮಾತ್ರ ಸಮಿತಿ. ಹಾಗಂತ ನಾವೇ ಕೈ ಎತ್ತಿ ಒಪ್ಪಿದೆವು. ಕೈ ಎತ್ತುವುದರಲ್ಲಿ ನಮ್ಮೂರವರು ಯಾವಾಗಲೂ ಮುಂದು.

ಇನ್ನೊಂದು ತಾಪತ್ರಯವಿದೆ. ಆ ಸಾಫ್ಟ್‌ವೇರು ಪುಕ್ಕಟೆಯದು, ಆದ್ದರಿಂದ ಇಷ್ಟೇ ಟ್ರ್ಯಾಕ್ ಅಂತ ಮಿತಿ ಇದೆ. ಊರು ತುಂಬಿಹೋಗಿ ಎಷ್ಟೋ ಕಾಲವಾಯಿತು. ಯಾರಾದರೂ ಸತ್ತರೆ ಒಂದು ಟ್ರ್ಯಾಕ್ ಖಾಲಿ, ಆಗ ಒಂದು ಕೂಸಿಗೆ ದನಿ. ಬಸುರಿ ಇರುವ ಮನೆಯವರು ಬಂದು, "ಹ್ಯಾಂಗದೀ ಅಜ್ಜಾ, ದಮ್ಮು ಕಡಿಮಿ ಆತೇನು?" ಎಂದು ಕೇಳಿದರೆ ಮುದುಕರು ಬಾಗಿಲು ಮುಚ್ಚುತ್ತಾರೆ.

ನಮ್ಮದು ಹಿಟ್ಟಿನ ಗಿರಣಿ. ಬೆಲ್ಟು ತಿರುಗುವ ಸದ್ದಿನಲ್ಲಿ ಮಾತಾಡಿ ಮಾತಾಡಿ ನಮ್ಮ ಮನೆಯಲ್ಲಿ ಯಾರಿಗೂ ಮೆಲ್ಲಗೆ ಮಾತಾಡಿ ಗೊತ್ತಿಲ್ಲ. ಅದರಲ್ಲೂ ನಮ್ಮತ್ತೆ ಫಕೀರವ್ವ. ನುಚ್ಚು ಒಡೆದ ಹಾಗೆ ಒರಟು ದನಿ, ನಡುನಡುವೆ ಕೆಮ್ಮು. ನಾವಿಬ್ಬರೂ ಜಗಳಾಡದ ದಿನ ಅಂದರೆ ಕರೆಂಟು ಇದ್ದೂ ಗಿರಣಿ ಬಂದ್ ಇದ್ದ ಹಾಗೆ, ಏನೋ ಕೆಟ್ಟಿದೆ ಅಂತಲೇ ಅರ್ಥ. ಅವಳು ನನ್ನ ತವರನ್ನು ಎತ್ತಿ ಆಡುತ್ತಿದ್ದಳು, ನಾನು ಅವಳ ಹಲ್ಲನ್ನು. ಗಿರಾಕಿಗಳು ಡಬ್ಬಿ ಇಟ್ಟು ಕೂತು ಕೇಳುತ್ತಿದ್ದರು. ಆದರೆ ನನ್ನ ಹೆರಿಗೆಯ ದಿನ ದವಾಖಾನೆಯಲ್ಲಿ ಯಾರೂ ತಿರುಗಿ ನೋಡದೆ ಇದ್ದಾಗ, ಇದೇ ಅತ್ತೆ ವರಾಂಡದಲ್ಲಿ ನಿಂತು ಹಾಕಿದ ಕೂಗಿಗೆ ಡಾಕ್ಟರು ಉಣ್ಣುವ ಕೈಯಲ್ಲೇ ಓಡಿ ಬಂದಿದ್ದರು. ಆ ದನಿ ಇಲ್ಲದಿದ್ದರೆ ನನ್ನ ಮಗಳಿಲ್ಲ, ನಾನೂ ಇಲ್ಲ. ಇದನ್ನು ನಾನು ಅವಳಿಗೆ ಯಾವತ್ತೂ ಹೇಳಿರಲಿಲ್ಲ. ಹೇಳಿದರೆ ತಲೆ ಮೇಲೆ ಕೂರುತ್ತಾಳೆ.

ಆ ದಿನ ಬೆಳಿಗ್ಗೆ ನಾನು ಗಿರಣಿಯ ಬೆಲ್ಟು ಬಿಚ್ಚದೆ ಒಳಗೆ ಚಹಾಕ್ಕೆ ಹೋಗಿದ್ದೆ. ಅತ್ತೆ ಸೊಂಟದ ಮೇಲೆ ಕೈ ಇಟ್ಟು ಬಾಗಿಲಲ್ಲಿ ನಿಂತಳು. ಮೂಗಿನ ಹೊಳ್ಳೆ ಅಗಲವಾಯಿತು. ನಾನೂ ಉತ್ತರ ಸಿದ್ಧ ಮಾಡಿಕೊಂಡೆ. ಅವಳು ಬಾಯಿ ತೆರೆದಳು, ಕೊಳಲು ಕೇಳಿಸಿತು. ಸಣ್ಣಗೆ ಏರಿ, ಸ್ವಲ್ಪ ಹೊತ್ತು ನಿಂತು, ಇಳಿದು, ಮತ್ತೆ ಮೊದಲಿನಿಂದ ಅದೇ. ಅತ್ತೆ ಬಾಯಿ ಮುಚ್ಚಿದಳು. ಗಂಟಲು ಹಿಡಿದುಕೊಂಡಳು. ಮತ್ತೆ ತೆರೆದಳು. ಮತ್ತೆ ಅದೇ ತುಣುಕು. ಹಣೆಯ ನರ ಉಬ್ಬಿ, ಕಣ್ಣು ಕೆಂಪಾಗಿ, ಅವಳು ಏನೇನು ಬೈಯುತ್ತಿದ್ದಳೋ ಆ ದೇವರಿಗೇ ಗೊತ್ತು. ಕೇಳುವವರಿಗೆ ಮಾತ್ರ ಸುಪ್ರಭಾತ. ಎದುರು ಮನೆಯವರು ಕಿಟಕಿ ತೆರೆದು, "ಆಹಾ" ಅಂದರು.

ನನ್ನ ಗಂಡ ನಿಂಗರಾಜ ಹಲ್ಲುಜ್ಜುತ್ತ ಬಂದ. ನಿಂತು ಕೇಳಿ, "ಹೋಗ್ಲಿ ಬಿಡು, ಕೇಳಾಕ ಛಲೋನ ಐತಲ್ಲ" ಎಂದ.

"ಹಡದವ್ವರೀ ಅಕಿ ನಿಮ್ಮನ್ನ!" ಎಂದೆ. "ಅಕಿ ಬಾಯಾಗ ಯಾರೋ ಕೊಳಲು ತುರುಕ್ಯಾರ, ನೀವು ತಾಳ ಹಾಕ್ತೀರೇನು?"

ಅವನು ಬಾಯಿ ತುಂಬ ನೊರೆ ಇಟ್ಟುಕೊಂಡು ಹಿತ್ತಲಿಗೆ ಹೋದ. ಜೀವಮಾನವಿಡೀ ಇಬ್ಬರು ಹೆಂಗಸರ ನಡುವೆ ಕಿವಿ ಮುಚ್ಚಿಕೊಂಡು ಬದುಕಿದವನು, ಅವನಿಗೆ ಇದು ಹಬ್ಬ. ಸೀರೆಗೆ ಮೆತ್ತಿದ ಹಿಟ್ಟನ್ನೂ ಕೊಡವದೆ ನಾನು ಭವನಕ್ಕೆ ಹೊರಟೆ.

ಸಮಿತಿಯ ಅಧ್ಯಕ್ಷರು ಮೃತ್ಯುಂಜಯ ಮಾಸ್ತರು. ಮೆತ್ತಗೆ, ಬೆಚ್ಚಗೆ ಮಾತಾಡುವ ಮನುಷ್ಯ. ಆ ಬೆಚ್ಚಗಿನ ದನಿಯನ್ನು ಅಧ್ಯಕ್ಷರಾದ ಮೇಲೆಯೇ ತಮ್ಮ ಟ್ರ್ಯಾಕಿಗೆ ಹಾಕಿಸಿಕೊಂಡದ್ದು ಅಂತ ಊರಿಗೆಲ್ಲ ಗೊತ್ತು. ಅವರ ಪಕ್ಕದಲ್ಲಿ ಕಂಪ್ಯೂಟರು ನಡೆಸುವ ರೇಷ್ಮಾ ಹೆಡ್‌ಫೋನು ಹಾಕಿಕೊಂಡು ಕೂತಿದ್ದಳು. ನನ್ನನ್ನು ಕಂಡ ಕೂಡಲೇ ತಲೆ ತಗ್ಗಿಸಿದಳು.

"ಬಾ ಕಸ್ತೂರಿ, ಕೂಡು" ಎಂದರು ಮಾಸ್ತರು. "ನೋಡು, ಊರ ಹಾಡು ಈ ಸಲ ಹಾಡಿನ ದೊಡ್ಡ ಮೇಳಕ್ಕ ಹೊಂಟೈತಿ. ಮೇಳದವರು ಕೇಳಿ, ಎಲ್ಲಾ ಛಲೋ ಐತಿ, ನಡುವ ಏನೋ ಕೆರದಂಗ ಕೇಳಸ್ತೈತಿ ಅಂದ್ರು. ಹುಡುಕಿ ನೋಡಿದ್ರ ನಿಮ್ಮತ್ತಿ. ಅಲ್ಲೊಂದು ಕೊಳಲು ಬೇಕಾಗಿತ್ತು. ಖಾಲಿ ಟ್ರ್ಯಾಕ್ ಎಲ್ಲೈತಿ?"

"ಅಕಿ ಇನ್ನೂ ಸತ್ತಿಲ್ರಿ."

"ಛೇ, ಅಂಥಾ ಮಾತು ಯಾಕ? ನಾವೇನು ಮೂಕಿ ಮಾಡೇವೇನು? ಕೊಳಲು ಕೊಟ್ಟೇವಿ. ಈ ವಯಸ್ಸಿನಾಗ ಎಷ್ಟು ಮಂದಿಗೆ ಅಂಥಾ ದನಿ ಸಿಗತೈತಿ?"

"ಅಕೀನ್ನ ಒಂದು ಮಾತು ಕೇಳಿದ್ರೇನು?"

"ಕೇಳಿದ್ರ ಬೈತಿದ್ಲು" ಎಂದರು ಮಾಸ್ತರು, ನನಗೆ ಇಷ್ಟೂ ತಿಳಿಯುವುದಿಲ್ಲವಲ್ಲ ಎಂಬ ಹಾಗೆ.

"ಅಷ್ಟು ಭಾಗ್ಯ ಅದರಾಗಿದ್ರ ನಿಮ್ಮ ಬಾಯಿಗೆ ಹಾಕ್ಕೋರಿ" ಎಂದೆ. ಅವರು ನಕ್ಕರು. ಬೆಚ್ಚಗೆ ನಕ್ಕರು. ಶನಿವಾರ ಸಂಜೆ ಎಲ್ಲರ ಎದುರು ಹಾಡನ್ನು ಮೇಳಕ್ಕೆ ಕಳಿಸುವುದು, ಕಳಿಸಿದ ಕೂಡಲೇ ಅದು ಬೀಗ ಬಿದ್ದ ಹಾಗೆ ಗಟ್ಟಿಯಾಗುವುದು, ಆಮೇಲೆ ಯಾರ ಗಂಟಲನ್ನೂ ಯಾರೂ ತಿದ್ದಲಾಗದು, ಇದೆಲ್ಲವನ್ನೂ ಅದೇ ದನಿಯಲ್ಲಿ ವಿವರಿಸಿದರು. ಅಂದರೆ ಶನಿವಾರ ದಾಟಿತೆಂದರೆ ನಮ್ಮತ್ತೆ ಸಾಯುವ ತನಕ ಕೊಳಲು. ಯಾರು ಊದಿದ್ದು ಇದು ಎಂದು ರೇಷ್ಮಾಳನ್ನು ಕೇಳಿದೆ. ಯಾರೂ ಊದಿಲ್ಲ, ಸಾಫ್ಟ್‌ವೇರಿನಲ್ಲೇ ಇರುವ, ಸುತ್ತಿ ಸುತ್ತಿ ಅದೇ ಬರುವ ರೆಡಿಮೇಡ್ ಲೂಪು, ಎಳೆದು ತಂದು ಇಡುವುದಷ್ಟೇ ಎಂದಳು. ಎಲ್ಲೋ ಒಬ್ಬ ಮನುಷ್ಯ ಊದಿದ್ದಾಗಿದ್ದರೂ ನನಗೆ ಸ್ವಲ್ಪ ಸಮಾಧಾನ ಆಗುತ್ತಿತ್ತೋ ಏನೋ.

ಆ ವಾರ ಗಿರಣಿಗೆ ಬಂದಷ್ಟು ಜನ ಯಾವತ್ತೂ ಬಂದಿರಲಿಲ್ಲ. ಬೀಸಿಸಿಕೊಳ್ಳುವುದಕ್ಕಲ್ಲ. ಅತ್ತೆಯ ಕೊಳಲು ಕೇಳುವುದಕ್ಕೆ. ಅವಳು ಸಿಟ್ಟಾದಷ್ಟೂ ಕೊಳಲು ಜೋರಾಗುತ್ತದೆ ಅಂತ ಗೊತ್ತಾದ ಮೇಲೆ ಬೇಕೆಂದೇ ಕೆಣಕತೊಡಗಿದರು. ಒಬ್ಬ ಅವಳ ಎಲೆಯಡಿಕೆ ಚೀಲ ಬಚ್ಚಿಟ್ಟ. ಇನ್ನೊಬ್ಬಳು, ಇದೇ ಅತ್ತೆಯ ಕೈಯಲ್ಲಿ ಬಾಣಂತನ ಮಾಡಿಸಿಕೊಂಡವಳು, ಜೋಳದಲ್ಲಿ ಹರಳು ಬೆರೆಸಿ ತಂದು, "ಬೈಯವಾ ಫಕೀರವ್ವ, ಒಂದೀಟು ಬೈ" ಎಂದು ಫೋನು ಹಿಡಿದು ನಿಂತಳು. ನಾನು ಪೊರಕೆ ತಗೊಂಡು ಓಡಿಸಿದೆ. ಎಷ್ಟು ಜನರನ್ನು ಓಡಿಸಲಿ? ಒಬ್ಬರು ಹೋದರೆ ಇಬ್ಬರು ಬರುತ್ತಿದ್ದರು.

ಗುರುವಾರ ಮಾಸ್ತರು ಪರವೂರಿನ ನೆಂಟರನ್ನು ಕರೆದುಕೊಂಡು ಬಂದರು. ಜೊತೆಗೆ ರೇಷ್ಮಾ, ರಿಕಾರ್ಡು ಮಾಡಿಕೊಳ್ಳಲು. ಅತ್ತೆ ಆಗಲೇ ಮಾತು ಬಿಟ್ಟಿದ್ದಳು, ಸೆರಗನ್ನು ಬಾಯಿಗೆ ಒತ್ತಿಕೊಂಡು ಮೂಲೆಯ ಚೀಲದ ಮೇಲೆ ಕೂತಿದ್ದಳು. ನೆಂಟರು ಕಾದರು. ಒಬ್ಬರು, "ಏನೂ ಕೇಳಸವಲ್ದಲ್ಲ" ಎಂದರು. ಆಗ ಅತ್ತೆಯ ಭುಜ ಅಲುಗಿತು. ನನ್ನ ಅತ್ತೆ ಅತ್ತದ್ದನ್ನು ನಾನು ಕಂಡವಳಲ್ಲ, ಮಾವ ಹೋದಾಗಲೂ ಅವಳು ಬೈದೇ ಕಳಿಸಿಕೊಟ್ಟಿದ್ದಳು. ಈಗ ಅತ್ತಳು. ಬಿಕ್ಕಿ ಬಿಕ್ಕಿ ಅತ್ತಳು. ಸೆರಗಿನ ಹಿಂದಿನಿಂದ ಕೊಳಲು ಸಣ್ಣಗೆ ಏರಿತು, ನಿಂತಿತು, ಇಳಿಯಿತು, ಮತ್ತೆ ಮೊದಲಿನಿಂದ. ಆ ನೆಂಟರು ಚಪ್ಪಾಳೆ ತಟ್ಟಿದರು.

ಚಪ್ಪಾಳೆ ತಟ್ಟಿದರು, ಕೇಳಿದಿರಾ? ಒಂದು ಮುದುಕಿ ಅಳುತ್ತಿದ್ದಾಳೆ, ಅದನ್ನು ಕಣ್ಣಾರೆ ಕಾಣುತ್ತಿದ್ದಾರೆ, ಆದರೂ ಕಿವಿಗೆ ಹಿತವಾಗಿದೆ ಅಂತ ಚಪ್ಪಾಳೆ. ನಾನು ಗಿರಣಿಯ ಸ್ವಿಚ್ಚು ಒತ್ತಿ ಖಾಲಿ ಕಲ್ಲು ತಿರುಗಿಸಿಬಿಟ್ಟೆ. ಕಿವಿ ಹರಿಯುವ ಆ ಸದ್ದಿಗೆ ಅವರು ಎದ್ದು ಹೋದರು. ರೇಷ್ಮಾ ಮಾತ್ರ ಸ್ವಲ್ಪ ಹೊತ್ತು ನಿಂತಿದ್ದು ಹೋದಳು.

ಶನಿವಾರ ಭವನ ತುಂಬಿತ್ತು. ಗೋಡೆಗೆ ದೊಡ್ಡ ಪರದೆ ಕಟ್ಟಿ ಅದರ ಮೇಲೆ ಹಾಡನ್ನು ತೋರಿಸಿದ್ದರು. ಒಂದರ ಕೆಳಗೆ ಒಂದು ನಮ್ಮೆಲ್ಲರ ಟ್ರ್ಯಾಕುಗಳು, ಹೆಸರಿನ ಮುಂದೆ ಅವರವರ ದನಿಯ ಏರಿಳಿತ. ಫಕೀರವ್ವ ಎಂದು ಇದ್ದಲ್ಲಿ ಈಗ ಕೊಳಲು ಎಂದು ಇತ್ತು. ನಾನು ಅತ್ತೆಯ ರಟ್ಟೆ ಹಿಡಿದು ನಡುವಿನ ದಾರಿಯಲ್ಲಿ ಎಳೆದುಕೊಂಡೇ ಹೋದೆ. ಬರಲೊಲ್ಲೆ ಎಂದು ಕೈಯಲ್ಲಿ ಗುದ್ದುತ್ತಿದ್ದಳು. ಗುದ್ದಿಸಿಕೊಳ್ಳುವುದು ನನಗೇನು ಹೊಸದಲ್ಲ.

"ಅಕಿ ದನಿ ಅಕಿಗೆ ಕೊಡ್ರಿ" ಎಂದೆ. "ಕೊಟ್ಟು ಆಮ್ಯಾಲ ಎಲ್ಲಿ ಬೇಕಾದಲ್ಲಿ ಕಳಸ್ರಿ."

ಮಾಸ್ತರು ಜನರತ್ತ ತಿರುಗಿ ಮುಗುಳ್ನಕ್ಕರು. "ಕೊಡೂಣು ಅಂದ್ರೂ ಎಲ್ಲಿಂದ ಕೊಡೂದವಾ? ಹಳೇ ದನಿ ಡಿಲೀಟ್ ಮಾಡಿ ಟ್ಯಾಬ್ ಮುಚ್ಚೇವಿ. ಮುಚ್ಚಿದ ಮ್ಯಾಲ ಅನ್‌ಡೂ ಆಗಂಗಿಲ್ಲ. ಹೊಸದಾಗಿ ರಿಕಾರ್ಡು ಮಾಡಬೇಕಂದ್ರ ಅಕಿ ಬಾಯಾಗ ಏನು ಬರತೈತಿ? ಕೊಳಲು. ಕೊಳಲು ತಗದು ಕೊಳಲು ಹಾಕೂಣೇನು?"

ಭವನವೆಲ್ಲ ನಕ್ಕಿತು. ಚುರುಮುರಿ ಕೊಟ್ಟವರು ಎಲ್ಲರಿಗಿಂತ ಜೋರಾಗಿ ನಕ್ಕರು. ಅತ್ತೆ ನನ್ನ ಕೈ ಬಿಡಿಸಿಕೊಂಡು ನೆಲದ ಮೇಲೆ ಕುಸಿದು ಕೂತಳು.

"ನಗ್ರಿ, ನಗ್ರಿ" ಎಂದೆ. "ಇವತ್ತು ಇಕಿ ದನಿ ಕೆರದಂಗ ಕೇಳಸ್ತು. ನಾಳಿ ಇನ್ನೊಬ್ಬರು ಕೆಮ್ಮತಾರ, ಅವರ ಬಾಯಿಗೆ ತಬಲಾ. ಮತ್ತೊಬ್ಬರು ತೊದಲತಾರ, ಅವರಿಗೆ ಗೆಜ್ಜಿ. ಮೇಳದವರು ಹೂಂ ಅನ್ನೂ ತನಕ ಹಿಂಗ ಒಬ್ಬೊಬ್ರನ್ನ ಕಿತ್ತು ಹಾಕ್ತಾರ. ಕಡೀಕ ಊರ ಹಾಡಿನಾಗ ಊರಾವರು ಒಬ್ರೂ ಉಳ್ಯಂಗಿಲ್ಲ. ಆವಾಗ ಚಪ್ಪಾಳಿ ತಟ್ರಿ."

ನಗು ನಿಂತಿತು. ಹಿಂದಿನ ಸಾಲಿನಲ್ಲಿದ್ದ ಮುದುಕರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಎದ್ದು ನಿಂತರು. ಹೋಗಿ, ಯಾರೂ ಹೊರಗೆ ಹೋಗದ ಹಾಗೆ ಬಾಗಿಲಿಗೆ ಅಡ್ಡ ನಿಂತರು. ಮಾಸ್ತರು, "ರೇಷ್ಮಾ, ಕಳಸು, ಹೊತ್ತಾತು" ಎಂದರು. ರೇಷ್ಮಾ ಮೌಸಿನ ಮೇಲೆ ಕೈ ಇಟ್ಟಳು. ಆಮೇಲೆ ಕೈ ತೆಗೆದಳು.

"ಸರ್, ಗುರುವಾರ ಅಕಿ ಅಳೂದು ನಾನೂ ಕೇಳೇನ್ರಿ" ಎಂದಳು. ನನ್ನ ಕಡೆ ತಿರುಗಿ, "ಯಾರ ದನೀನರ ಒಂದು ಬೇಕಕ್ಕಾ. ಅದರ ಮ್ಯಾಲ ಅಕಿ ಹೆಸರು ಬರೀತೀನಿ. ಅಕಿ ಬಾಯಾಗ ಅದs ಬರತೈತಿ. ಅಷ್ಟs ನನ್ನ ಕೈಲಾಗೂದು" ಎಂದು ಮೈಕನ್ನು ನನ್ನತ್ತ ಸರಿಸಿದಳು.

ಪರದೆಯ ಮೇಲೆ ಕೊಳಲು ಮಾಯವಾಯಿತು. ಅಲ್ಲಿ ಖಾಲಿ ಗೆರೆ. ಮಾಸ್ತರು ಮೌಸಿಗೆ ಕೈ ಹಾಕಲು ಬಂದರು, ನಾನು ಮೇಜಿಗೂ ಅವರಿಗೂ ನಡುವೆ ನಿಂತೆ. ಯಾರ ದನಿ ಹಾಕಲಿ? ಅತ್ತೆಯ ದನಿ ಇನ್ನು ಎಲ್ಲಿದೆ? ಹುಡುಕಿದರೆ ಅದು ನನ್ನ ಕಿವಿಯಲ್ಲಿ ಮಾತ್ರ ಇದೆ. ಮದುವೆಯಾಗಿ ಬಂದಾಗಿನಿಂದ ದಿನಾ ಬೆಳಿಗ್ಗೆ ಕೇಳಿದ್ದೇನೆ. ಅವಳು ಎಲ್ಲಿ ಉಸಿರು ಎಳೆಯುತ್ತಾಳೆ, ಯಾವ ಮಾತಿಗೆ ಮೊದಲು ಎಲೆಯಡಿಕೆಯನ್ನು ಈ ಕೆನ್ನೆಯಿಂದ ಆ ಕೆನ್ನೆಗೆ ದಾಟಿಸುತ್ತಾಳೆ, ಎಲ್ಲಿ ಕೆಮ್ಮುತ್ತಾಳೆ, ಕೆಮ್ಮಿದ ಮೇಲೆ ಬಿಟ್ಟ ಮಾತಿನಿಂದಲೇ ಹೇಗೆ ಹಿಡಿಯುತ್ತಾಳೆ, ಎಲ್ಲ ನನಗೆ ಬಾಯಿಪಾಠ. ಸೊಂಟದ ಮೇಲೆ ಕೈ ಇಟ್ಟೆ. ಗಂಟಲನ್ನು ಒತ್ತಿ ಒರಟು ಮಾಡಿಕೊಂಡೆ.

"ಏ ಕಸ್ತೂರಿ! ಖಾರ ಬೀಸಿದ ಕಲ್ಲಿಗೆ ಹಂಗs ಗೋಧಿ ಸುರಿದಿ? ತಿಂದವರ ಬಾಯಿ ಉರದ್ರ ಊದಾಕ ನಿಮ್ಮಪ್ಪ ಬರ್ತಾನೇನು? ಸೀರಿ ಉಟ್ಟಿದ್ದು ನೋಡು, ಚೀಲಕ್ಕ ಸುತ್ತಲಿ ದಾರ ಬಿಗದಂಗ. ಚಾ ಮಾಡ್ಯಾಳಂತ ಚಾ! ದನದ ಮುಂದ ಇಟ್ರ ದನಾ ಮಾರಿ ತಿರಗಸ್ತೈತಿ. ನಿನ್ನ ಕಟಗೊಂಡು ನನ್ನ ಮಗ ಮುಂಜಾನಿ ಹಲ್ಲುಜ್ಜೂದೊಂದು ಬಿಟ್ಟು ಏನೂ ಮಾಡವಲ್ಲ..." ಅಲ್ಲಿ ಕೆಮ್ಮಿದೆ. ಕೆಮ್ಮಿ ಮಾಸ್ತರತ್ತ ತಿರುಗಿದೆ. "ಮತ್ತ ನೀ ಮಾಸ್ತರ! ನನ್ನ ಗಂಟಲ ಅಂದ್ರ ನಿಮ್ಮ ಭವನದ ಖುರ್ಚಿ ಅಂತ ತಿಳಿದ್ಯೇನು, ಒಬ್ರನ್ನ ಎಬ್ಬಿಸಿ ಇನ್ನೊಬ್ರನ್ನ ಕುಂದ್ರಸಾಕ? ನಿನ್ನ ಹಾಡಿಗೆ ಬೆಂಕಿ ಹಚ್ಚ!"

ಎಷ್ಟು ಹೊತ್ತು ಬೈದೆನೋ ಗೊತ್ತಿಲ್ಲ. ನಿಂಗರಾಜ ತಲೆ ತಗ್ಗಿಸಿ ಕಣ್ಣೊರೆಸಿಕೊಳ್ಳುತ್ತಿದ್ದ. ಅದನ್ನು ಕಂಡು ನನಗೆ ಇನ್ನೂ ಸಿಟ್ಟು ಬಂತು, ಮೊದಲ ದಿನವೇ ಅಳಬಾರದಿತ್ತೇ? ರೇಷ್ಮಾ ರಿಕಾರ್ಡು ನಿಲ್ಲಿಸಿ, ಫಕೀರವ್ವ ಎಂದು ಹೆಸರು ಬರೆದು, ಯಾರನ್ನೂ ಕೇಳದೆ ಹಾಡನ್ನು ಕಳಿಸಿಬಿಟ್ಟಳು. ಪರದೆಯ ಮೇಲಿನ ಎಲ್ಲ ಟ್ರ್ಯಾಕುಗಳೂ ಒಟ್ಟಿಗೆ ಬೂದಿ ಬಣ್ಣಕ್ಕೆ ತಿರುಗಿ ಗಟ್ಟಿಯಾದವು. ಮಾಸ್ತರು ಖುರ್ಚಿಯಲ್ಲಿ ಕೂತು ತಲೆಗೆ ಕೈ ಹಚ್ಚಿದರು.

ಎಲ್ಲರೂ ಅತ್ತೆಯನ್ನು ನೋಡುತ್ತಿದ್ದರು. ಅವಳು ಸೆರಗನ್ನು ಬಾಯಿಂದ ತೆಗೆಯಲು ಹೆದರಿದಳು. ಕೊನೆಗೆ ಸೆರಗು ತೆಗೆದು, ನನ್ನನ್ನೇ ನೋಡುತ್ತ, ಬಾಯಿ ತೆರೆದಳು.

"ಏ ಕಸ್ತೂರಿ" ಎಂದಳು. ಅದು ಅವಳ ದನಿಯಲ್ಲ, ನನ್ನದೂ ಅಲ್ಲ. ನನ್ನ ಗಂಟಲಲ್ಲಿ ಅವಳನ್ನು ಒತ್ತಿ ತುಂಬಿದಂಥದ್ದು. ತಾನೇ ಬೆಚ್ಚಿ ನಿಂತಳು. ಆಮೇಲೆ ಮೆಲ್ಲಗೆ ಕೇಳಿದಳು. "ನಾ ನಿನಗ ಇಷ್ಟು ಕೆಟ್ಟಾಗಿ ಬೈತಿದ್ನೇನs?"

"ಇದಕ್ಕಿಂತ ಕೆಟ್ಟಾಗಿ ಬೈತಿದ್ರಿ ಅತ್ತಿ" ಎಂದೆ. "ನೆನಪು ಬಂದಷ್ಟು ಹಾಕೇನಿ."

ಅತ್ತೆ ನೆಲಕ್ಕೆ ಕೈ ಊರಿ ಎದ್ದಳು, ಸೀರೆ ಕೊಡವಿಕೊಂಡಳು. "ಮತ್ತ ಉಳದದ್ದು?"

"ಉಳದದ್ದು ನೀವs ಬೈರಿ."

ಅವಳು ನನ್ನ ರಟ್ಟೆ ಹಿಡಿದುಕೊಂಡಳು. ಭವನದ ಮೆಟ್ಟಿಲು ಇಳಿಯುವಾಗಲೇ ಶುರು ಮಾಡಿದಳು.